ಉಂಡದ್ದನ್ನು ಮುಚ್ಚಿಡಬೇಡಿ

ಯಜಮಾನರ ತಿಥಿ ಮುಗಿದು ನೆಂಟರು ಹೊರಟ ಮಾರನೆಯ ಬೆಳಗ್ಗೆ ಒಲೆ ಹಚ್ಚಿ ಸುಮ್ಮನೆ ಕೂತಿದ್ದೆ. ಅವರು ಹಿರೇನಲ್ಲೂರಿನ ಡಾಕ್ಟರಾಗಿದ್ದರು. ಹಾವು ಕಡಿದು ಹೋದರು. ಒಂದು ಮಳೆಯ ದಿನ ಅವರು ನಮ್ಮೂರ ರೈತ ಮುದ್ದಪ್ಪನ ಮನೆಯಿಂದ ಎರವಲು ತಂದಿದ್ದ ಕಂಬಳಿ ಗೂಟದಲ್ಲೇ ಇತ್ತು.

ಮುದ್ದಪ್ಪನ ಗಾಡಿಯೇ ಬಾಗಿಲಿಗೆ ಬಂತು. ಒಳಗೆ ಅವನ ಸೊಸೆ ಅಂಬಮ್ಮ ನರಳುತ್ತಿದ್ದಳು.

"ಡಾಕ್ಟ್ರಮ್ಮಾ, ಕೂಸು ಅಡ್ಡ ಐತಂತೆ. ಕಡೂರು ಆಸ್ಪತ್ರೆಗೆ ಒಯ್ತಿದೀವಿ. ನೀವೂ ಬನ್ನಿ," ಎಂದಳು ಅವನ ಹೆಂಡತಿ ಈರಕ್ಕ.

"ಗಂಡ ಹೋದವಳು ನಾನು. ಬರಬಹುದಾ, ಈರಕ್ಕ?"

"ಶಾಸ್ತ್ರ ಆಮ್ಯಾಕೆ. ಹತ್ತಿ ತಾಯಿ."

ಕಂಬಳಿ ತೆಗೆದುಕೊಂಡು ಹತ್ತಿದೆ.

"ಮೂಗಿಗೆ ಮದ್ದು ಹಿಡೀತಾರಂತೆ. ನಮ್ಮ ಹುಚ್ಚಮ್ಮ ಹಂಗೇ ಮಲಗಿದೋಳು ಏಳ್ಲೇ ಇಲ್ಲ," ಎಂದಳು ಈರಕ್ಕ.

"ನಮ್ಮ ಯಜಮಾನರು ಹೇಳ್ತಿದ್ರು, ಕ್ಲೋರೋಫಾರಂ ಅಂತ ಒಂದಿದೆ. ಸಿಹಿ ವಾಸನೆ, ಬೇಗ ನಿದ್ದೆ. ಆದರೆ ಒಮ್ಮೊಮ್ಮೆ ಎದೆಬಡಿತವೇ ನಿಲ್ಲುತ್ತೆ. ಈಥರ್ ಅಂತ ಇನ್ನೊಂದು. ಅದು ಘಾಟು, ನಿಧಾನ. ಎದೆಗೆ ಅಷ್ಟು ಭಯವಿಲ್ಲ. ಯಾವುದು ಅತಿಯಾದರೂ ಕೂಸು ಮಂಕಾಗುತ್ತೆ, ತಾಯಿಗೆ ರಕ್ತ ಹೋಗುತ್ತೆ. ಅದಕ್ಕೇ ನೋಡಿಕೊಂಡು ಕೊಡ್ತಾರೆ. ಎರಡರಲ್ಲೂ ವಾಂತಿ ಬರಬಹುದು. ಮೈಮರೆತಾಗ ಅದು ಶ್ವಾಸಕ್ಕೆ ಇಳಿದರೆ ಜೀವ ಉಳಿಯಲ್ಲ. ಏನಾದರೂ ತಿನ್ನಿಸಿದ್ದೀರಾ?"

"ಇಲ್ಲಮ್ಮ."

"ಇವ್ಳಾ? ಈಯೋ ಎಮ್ಮೆಗೂ ಮುದ್ದೆ ತುರುಕೋಳು," ಎಂದ ಮುದ್ದಪ್ಪ.

"ಸುಮ್ಕೆ ಗಾಡಿ ಹೊಡಿ!"

ಆಸ್ಪತ್ರೆಯಲ್ಲಿ ಡಾಕ್ಟರ್ ಸುಲೋಚನಮ್ಮ ಅದನ್ನೇ ಕೇಳಿದರು. ಈರಕ್ಕ ಮತ್ತೆ ಇಲ್ಲವೆಂದಳು. ಅಂಬಮ್ಮನನ್ನು ಒಳಗೆ ಒಯ್ದರು. ಈಥರಿನ ಘಾಟು ಹೊರಗೆ ಬಂತು. ಈರಕ್ಕ ನನ್ನ ಕೈ ಹಿಡಿದಳು.

"ಡಾಕ್ಟ್ರಮ್ಮಾ... ಮುದ್ದೆ ಉಣ್ಣಿಸಿದೀನಿ. ಹೊರಡೋವಾಗ. ತ್ರಾಣ ಬ್ಯಾಡ್ವಾ? ಬೈದು ವಾಪಸ್ ಕಳಿಸ್ತಾರೆ ಅಂತ..."

ನಾನು ಬಾಗಿಲು ಬಡಿದು ಒಳಗೆ ನುಗ್ಗಿದೆ. ನರ್ಸ್ ಈಥರ್ ಹನಿಸಿದ ಮುಸುಕನ್ನು ಅಂಬಮ್ಮನ ಮೂಗಿನ ಹತ್ತಿರ ತಂದಿದ್ದಳು.

"ನಿಲ್ಲಿಸಿ! ಊಟವಾಗಿದೆ!"

ಸುಲೋಚನಮ್ಮ ಬೈಯಲಿಲ್ಲ. ಬಾಯಿಂದ ಕೊಳವೆ ಇಳಿಸಿ ಹೊಟ್ಟೆ ಖಾಲಿ ಮಾಡಿಸಿದರು. ಆಮೇಲೆ ಈಥರ್. ನಾವು ಗೋಡೆಗೆ ಒರಗಿ ಕಾದೆವು. ಕೊನೆಗೆ ಕೂಸು ಅತ್ತಿತು.

ಓದುತ್ತಿರುವ ತಾಯಂದಿರೇ, ಅತ್ತೆಯಂದಿರೇ, ಹೆರಿಗೆ ಕಷ್ಟವೆಂದು ತಿಳಿದೊಡನೆ ಆಸ್ಪತ್ರೆಗೆ ಹೊರಡಿ. ತ್ರಾಣಕ್ಕೆಂದು ಉಣ್ಣಿಸಬೇಡಿ. ಉಣ್ಣಿಸಿದ್ದರೆ ಏನು, ಯಾವಾಗ ಎಂದು ಕೇಳುವ ಮೊದಲೇ ಹೇಳಿ. ಯಾವ ಮದ್ದು ಎಂಬುದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಭಯಪಡುವುದು ತಪ್ಪಲ್ಲ. ಮುಚ್ಚಿಡಬೇಡಿ.

ಎಚ್ಚರವಾದಾಗ ಅಂಬಮ್ಮ ಚಳಿಗೆ ನಡುಗುತ್ತಿದ್ದಳು. ನಾನು ಕಂಬಳಿಯನ್ನು ಮುದ್ದಪ್ಪನ ಕೈಗೆ ಕೊಟ್ಟೆ.

"ನಮ್ಮ ಯಜಮಾನರು ನಿಮ್ಮಿಂದ ತಂದಿದ್ದು."

ಅವನು ಅದನ್ನು ಸೊಸೆಗೆ ಹೊದಿಸಿದ.