ತಿರುವಿನಲ್ಲಿ ಬಂದ ನಿದ್ದೆ

ಸುರೇಂದ್ರ ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ದೇವರಮನೆ ಕಡೆಯ ಎಸ್ಟೇಟುಗಳಿಗೆ ಜೀಪು ಓಡಿಸುತ್ತಿದ್ದ. ಮೊದಲೆಲ್ಲ ಅವನ ಪಕ್ಕದಲ್ಲಿ ಇಬ್ಬರು ಕೂರುತ್ತಿದ್ದರು. ಕೆಲವು ವರ್ಷಗಳಿಂದ ಒಬ್ಬರೇ ಕೂರುತ್ತಿದ್ದರು, ಅವರೂ ತೆಳ್ಳಗಿರಬೇಕಿತ್ತು. ಅದರ ಬಗ್ಗೆ ಯಾರೂ ಏನೂ ಅಂದಿರಲಿಲ್ಲ. ಹಿಂದೆ ಕೂತವರು ಇನ್ನಷ್ಟು ಒತ್ತಿಕೊಂಡು ಕೂತರು, ಅಷ್ಟೇ.

ಅವನು ದಪ್ಪಗಾದದ್ದು ಹೊಟ್ಟೆಬಾಕತನದಿಂದಲ್ಲ, ದಾಕ್ಷಿಣ್ಯದಿಂದ. ಜನರ ಜೊತೆಗೆ ಸಾಮಾನನ್ನೂ ಒಯ್ಯುತ್ತಿದ್ದ. ಒಂದು ಮನೆಗೆ ಬಿಪಿ ಮಾತ್ರೆ, ಇನ್ನೊಂದಕ್ಕೆ ರಿಪೇರಿಯಾದ ಮಿಕ್ಸಿ, ಮತ್ತೊಂದಕ್ಕೆ ಕೋಳಿ ಫುಡ್ಡು. ಹೋದ ಮನೆಯಲ್ಲೆಲ್ಲ ಕಾಫಿ ಕೊಡುತ್ತಿದ್ದರು. ಕಾಫಿಯ ಜೊತೆ ಚಕ್ಕುಲಿಯೋ ಕೋಡುಬಳೆಯೋ, ಹಬ್ಬದ ಮರುದಿನವಾದರೆ ಹೋಳಿಗೆಯೋ ಇರುತ್ತಿತ್ತು. ಬೇಡ ಅಂದರೆ ಮನೆಯವರಿಗೆ ಬೇಜಾರು. ಸುರೇಂದ್ರನಿಗೆ ಯಾರಿಗೂ ಬೇಜಾರು ಮಾಡಿ ಗೊತ್ತಿರಲಿಲ್ಲ.

ಒಮ್ಮೆ ಮಂಡಿನೋವಿಗೆ ಪೇಟೆಯ ಡಾಕ್ಟರೊಬ್ಬರ ಹತ್ತಿರ ಹೋಗಿದ್ದ. ಅವರು ತಲೆ ಎತ್ತದೆ "ತೂಕ ಇಳಿಸಿ" ಅಂದು, ಅಚ್ಚು ಹಾಕಿಸಿದ ಒಂದು ಹಾಳೆ ಕೊಟ್ಟರು. ಅದರಲ್ಲಿ ಓಟ್ಸ್, ಸೇಬು, ಮೊಳಕೆ ಕಾಳು ತಿನ್ನಬೇಕೆಂದು ಇತ್ತು. ಸುರೇಂದ್ರ ಒಂದು ವಾರ ಅಷ್ಟನ್ನೂ ಶ್ರದ್ಧೆಯಿಂದ ತಿಂದ. ಮಾಮೂಲಿ ಊಟವನ್ನೂ ಬಿಡಲಿಲ್ಲ. ಆಮೇಲೆ ಆ ಡಾಕ್ಟರ ಹತ್ತಿರ ಮತ್ತೆ ಹೋಗಲಿಲ್ಲ.

ಹೋದ ವರ್ಷ ಮಳೆ ಬಿಟ್ಟ ಮೇಲೆ, ಒಂದು ಮಧ್ಯಾಹ್ನ ತಿರುವು ಬಂತು, ಜೀಪು ತಿರುಗಲಿಲ್ಲ. ಚರಂಡಿ ದಾಟಿ ಕಾಫಿ ಗಿಡಗಳ ಮಧ್ಯೆ ನುಗ್ಗಿ, ಒಂದು ಸಿಲ್ವರ್ ಓಕ್ ಮರಕ್ಕೆ ತಾಗಿ ನಿಂತಿತು. ಹಿಂದೆ ಕೂತಿದ್ದ ಹೆಂಗಸರಿಗೆ ಏನೂ ಆಗಲಿಲ್ಲ. ಸಂತೆಯ ಈರುಳ್ಳಿ ಮಾತ್ರ ತೋಟದ ತುಂಬ ಉರುಳಿತು.

"ಏನಾಯ್ತು?" ಎಂದು ಸುರೇಂದ್ರನೇ ಎಲ್ಲರನ್ನೂ ಕೇಳಿದ.

ಸಂಜೆಯೊಳಗೆ ಅವನು ಕುಡಿದಿದ್ದ ಅನ್ನುವ ಸುದ್ದಿ ಹಬ್ಬಿತು. ಅವನು ಜನ್ಮದಲ್ಲಿ ಕುಡಿದವನಲ್ಲ. ಮಾರನೇ ದಿನ ಹೆಂಗಸರು ಬೇರೆ ಜೀಪಿಗೆ ಕಾದರು. ಸುರೇಂದ್ರನ ಜೀಪು ಹತ್ತಿದವಳು ತನುಜಾ ಒಬ್ಬಳೇ. ಅವಳು ಎಸ್ಟೇಟ್ ಕಡೆಯ ಆರೋಗ್ಯ ಉಪಕೇಂದ್ರದ ಅಧಿಕಾರಿ. ದಿನವೂ ಅವನ ಪಕ್ಕದಲ್ಲಿ ಕೂತೇ ಹೋಗುತ್ತಿದ್ದರೂ ಅವನ ಮೈ ಬಗ್ಗೆ ಒಮ್ಮೆಯೂ ಮಾತೆತ್ತಿರಲಿಲ್ಲ.

"ಸುರೇಂದ್ರಣ್ಣ, ನಿನ್ನೆ ನಿದ್ದೆ ಬಂತಾ?"

ಅವನು ಗೇರು ಬದಲಿಸಿದ. "ನಾನು ಕುಡ್ದಿರ್ಲಿಲ್ಲ ಮೇಡಂ."

"ನಾನು ಅದನ್ನ ಕೇಳ್ಲಿಲ್ಲ."

"ಬಂತು. ದಿನಾ ಬರುತ್ತೆ, ಊಟ ಆದ್ಮೇಲೆ. ಕೆಲವು ಸಲ ಊಟಕ್ಕೆ ಮುಂಚೆನೂ."

"ರಾತ್ರಿ ಮಲಗಲ್ವಾ?"

"ನಾನು ಚೆನ್ನಾಗೇ ಮಲಗ್ತೀನಿ. ರೇವತಿ ಮಲಗಲ್ಲ."

ತನುಜಾ ಜೀಪನ್ನು ಬದಿಗೆ ಹಾಕಿಸಿ, ಉಪಕೇಂದ್ರದವರೆಗೆ ಉಳಿದ ದಾರಿಯನ್ನು ನಡೆದಳು. ಅವನನ್ನೂ ನಡೆಸಿದಳು. ಅಲ್ಲಿ ಬಿಪಿ ನೋಡಿ, ರಕ್ತ ತೆಗೆದಳು. ಸಂಜೆ ಅವನ ಮನೆಗೇ ಬಂದು ಹೆಂಡತಿ ರೇವತಿಯನ್ನು ಮಾತಾಡಿಸಿದಳು.

"ಗೊರಕೆ ಹೊಡೀತಾರೆ, ಅದು ನಂಗೆ ಅಭ್ಯಾಸ ಆಗಿದೆ," ಎಂದಳು ರೇವತಿ. "ಆದ್ರೆ ಮಧ್ಯೆ ಮಧ್ಯೆ ನಿಂತೋಗುತ್ತೆ. ಆಗ ಎಚ್ಚರ ಆಗುತ್ತೆ. ಉಸಿರು ವಾಪಸ್ ಬರೋವರೆಗೂ ಕಾಯ್ತೀನಿ. ಬಂದ್ಮೇಲೆ ಮಲಗ್ತೀನಿ. ಮತ್ತೆ ನಿಲ್ಲುತ್ತೆ."

"ನಂಗೆ ಯಾಕೆ ಹೇಳ್ಲಿಲ್ಲ?" ಎಂದ ಸುರೇಂದ್ರ.

"ಹೇಳಿದ್ರೆ ನಿಮ್ ನಿದ್ದೆನೂ ಹೋಗ್ತಿತ್ತು."

ತನುಜಾ ವಿವರಿಸಿದಳು. ಕತ್ತಿನ ಸುತ್ತ ಕೊಬ್ಬು ತುಂಬಿದರೆ ಮಲಗಿದಾಗ ಗಂಟಲು ಮುಚ್ಚಿಕೊಳ್ಳುತ್ತದೆ. ಉಸಿರಿಗಾಗಿ ದೇಹ ರಾತ್ರಿಯೆಲ್ಲ ಏಳುತ್ತಲೇ ಇರುತ್ತದೆ, ಮನುಷ್ಯನಿಗೆ ಮಾತ್ರ ಗೊತ್ತಾಗುವುದಿಲ್ಲ. ಆ ನಿದ್ದೆಯ ಬಾಕಿ ಹಗಲು ತಿರುವಿನಲ್ಲಿ ವಸೂಲಾಗುತ್ತದೆ. ಬಿಪಿ ಏರಿದೆ. ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಗೇಟಿನ ಹತ್ತಿರ ನಿಂತಿದೆ. ಈಗಲೇ ನೋಡಿಕೊಂಡರೆ ಅಲ್ಲಿಂದಲೇ ವಾಪಸ್ ಕಳಿಸಬಹುದು.

"ತೂಕ ಇಳಿಸಿ ಅಂತೀರ, ಅಷ್ಟೇ ತಾನೆ?" ಎಂದ ಸುರೇಂದ್ರ.

"ಆ ಮಾತು ಆಮೇಲೆ. ಮೊದ್ಲು ನಿಮಗೆ ಏನಾಗ್ಬೇಕು, ಅದನ್ನ ಹೇಳಿ."

ಯಾವ ಡಾಕ್ಟರೂ ಅವನಿಗೆ ಈ ಪ್ರಶ್ನೆ ಕೇಳಿರಲಿಲ್ಲ. ಅವನು ರೇವತಿಯ ಕಡೆ ನೋಡಿದ.

"ಇವಳು ಮಲಗ್ಬೇಕು," ಎಂದ. "ಆಮೇಲೆ ನಾನು ಜೀಪು ಓಡಿಸ್ಬೇಕು."

ಮಂಗಳೂರಿನಲ್ಲಿ ನಿದ್ದೆಯ ಪರೀಕ್ಷೆಯಾಗಿ ಚಿಕಿತ್ಸೆ ಶುರುವಾಗುವ ತನಕ ಸ್ಟೇರಿಂಗ್ ಮುಟ್ಟಬಾರದು ಎಂದಾಯಿತು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಲಕ್ಕಯ್ಯ ಜೀಪಿಗೆ ಬಂದ. ಲಕ್ಕಯ್ಯನಿಗೆ ಟಾರು ಇದ್ದಲ್ಲಿ ಮಾತ್ರ ಧೈರ್ಯ. ಎಸ್ಟೇಟಿನ ಮಣ್ಣುರಸ್ತೆಯ ಬಾಯಲ್ಲಿ ಜೀಪು ನಿಲ್ಲಿಸಿ, "ಇಲ್ಲಿಂದ ನೀನೇ ಹೋಗ್ಬಾ ಮಾರಾಯ," ಅನ್ನುತ್ತಿದ್ದ. ಸುರೇಂದ್ರ ಸಾಮಾನು ಹಿಡಿದು ಏರು ಹತ್ತುತ್ತಿದ್ದ. ಮೊದಮೊದಲು ಸಿಕ್ಕ ಕಲ್ಲಿನ ಮೇಲೆಲ್ಲ ಕೂರುತ್ತಿದ್ದ. ತನುಜಾಗೆ ಹೇಳಿದಾಗ ಅವಳು, "ಲಕ್ಕಯ್ಯನಿಗೆ ಧೈರ್ಯ ತುಂಬಬೇಡಿ, ನಡೀರಿ," ಎಂದಳು.

ಕಷ್ಟವಾದದ್ದು ಏರುದಾರಿಯಲ್ಲ, ಕಾಫಿ. ನಡೆದು ಬಂದು ಬೆವತಿದ್ದಾನೆಂದು ಮನೆಯವರು ಮೊದಲಿಗಿಂತ ಹೆಚ್ಚು ಕೊಡತೊಡಗಿದರು. ಯಾವ ಮನೆಯಲ್ಲಿ ಬೇಡ ಅನ್ನುವುದು ಸುಲಭ ಎಂದು ತನುಜಾ ಕೇಳಿದಳು. ಎಲ್ಲೂ ಅಲ್ಲ ಎಂದ. ಹಾಗಾದರೆ ಎಲ್ಲಕ್ಕಿಂತ ಕಷ್ಟ ಎಲ್ಲಿ? ಪರಮೇಶ್ವರಪ್ಪನವರ ಮನೆ, ಎಂದ. ಅಲ್ಲಿಂದಲೇ ಶುರು ಮಾಡುವುದಾಗಿ ಅವನೇ ಹೇಳಿದ.

ಪರಮೇಶ್ವರಪ್ಪನವರ ಹೆಂಡತಿ ಶಾಂತಕುಮಾರಿ ಕಾಫಿಯ ಜೊತೆ ಕಜ್ಜಾಯದ ತಟ್ಟೆ ಇಟ್ಟರು.

"ಅಮ್ಮಾ, ಕಾಫಿಗೆ ಸಕ್ಕರೆ ಬೇಡ. ಕಜ್ಜಾಯನೂ ಬೇಡ."

"ಯಾಕೆ, ನಮ್ಮನೆ ಕಜ್ಜಾಯ ಹಿಡಿಸ್ಲಿಲ್ವಾ?"

"ಹಂಗಲ್ಲ. ನಂಗೆ ನಿದ್ದೆ ಕಾಯಿಲೆ ಇದೆ."

"ಪಾಪ, ನಿದ್ದೆ ಬರಲ್ವಾ?"

"ಬರೋದೇ ಕಾಯಿಲೆ."

ಕೂತು ಎಲ್ಲವನ್ನೂ ಹೇಳಿದ. ಗೊರಕೆ, ನಿಲ್ಲುವ ಉಸಿರು, ತೋಟಕ್ಕೆ ನುಗ್ಗಿದ ಜೀಪು. ಶಾಂತಕುಮಾರಿ ಸೆರಗಿನ ಅಂಚು ಸುತ್ತುತ್ತ ಕೇಳಿದರು. ಆಮೇಲೆ ಕಜ್ಜಾಯದ ತಟ್ಟೆ ಒಳಗಿಟ್ಟು ಬಂದು, ಉಪಕೇಂದ್ರ ಯಾವ ಯಾವ ದಿನ ತೆಗೆದಿರುತ್ತದೆ ಎಂದು ವಿಚಾರಿಸಿದರು. ಆ ವಾರವೇ ಪರಮೇಶ್ವರಪ್ಪನವರು ಲಕ್ಕಯ್ಯ ಓಡಿಸುತ್ತಿದ್ದ ಜೀಪಿನಲ್ಲಿ ಉಪಕೇಂದ್ರಕ್ಕೆ ಹೋದರು. ತಮಗೆ ಏನೂ ಆಗಿಲ್ಲ ಎಂದು ದಾರಿಯುದ್ದಕ್ಕೂ ಹೇಳಿದರು. ಸರದಿ ಬರುವಷ್ಟರಲ್ಲಿ ಬೆಂಚಿನ ಮೇಲೆ ನಿದ್ದೆ ಹೋಗಿದ್ದರು.

ಮಂಗಳೂರಿನ ಆಸ್ಪತ್ರೆಯವರು ಸುರೇಂದ್ರನಿಗೆ ರಾತ್ರಿ ಮೂಗಿಗೆ ಹಾಕಿಕೊಳ್ಳುವ ಗಾಳಿಯ ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡು ಕನ್ನಡಿ ನೋಡಿಕೊಂಡ ಅವನು, ಸಣ್ಣ ಆನೆಯ ಹಾಗಿದ್ದೇನೆ ಎಂದ. ರೇವತಿ ಸಣ್ಣ ಅನ್ನುವ ಮಾತನ್ನು ಒಪ್ಪಲಿಲ್ಲ.

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ತೂಕ ಸ್ವಲ್ಪ ಇಳಿದಿತ್ತು. ನೋಡಿದವರಿಗೆ ತಿಳಿಯುವಷ್ಟಲ್ಲ, ಮಂಡಿಗೆ ತಿಳಿಯುವಷ್ಟು. ಬಿಪಿಯೂ ಇಳಿದಿತ್ತು. ಹಗಲಿನ ತೂಕಡಿಕೆ ಹೋಗಿತ್ತು. ಮಂಗಳೂರಿನ ಡಾಕ್ಟರು ಒಪ್ಪಿದ ಮೇಲೆ ಮತ್ತೆ ಸ್ಟೇರಿಂಗ್ ಹಿಡಿದ. ಹೆಂಗಸರು ಒಬ್ಬೊಬ್ಬರಾಗಿ ವಾಪಸ್ ಬಂದರು. ಕುಡಿದಿದ್ದ ಎಂದು ಹೇಳಿದ್ದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಅವನೂ ಕೇಳಲಿಲ್ಲ. ಹಬ್ಬದ ಮರುದಿನ ಒಂದೇ ಒಂದು ಮನೆಯಲ್ಲಿ ಒಂದು ಹೋಳಿಗೆ ತಿನ್ನುವುದೆಂದು ತನುಜಾ ಜೊತೆ ಮಾತಾಗಿತ್ತು. ಯಾವ ಮನೆ ಅನ್ನುವುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಒಂದು ಭಾನುವಾರ ರೇವತಿ ಏಳುವಷ್ಟರಲ್ಲಿ ಬಿಸಿಲು ಅಡಿಗೆಮನೆಯವರೆಗೆ ಬಂದಿತ್ತು. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ಮಲಗಿರಲಿಲ್ಲ. ಗಾಬರಿಯಲ್ಲಿ ಕೂದಲು ಕಟ್ಟುತ್ತ ಬಂದಳು.

"ಯಾಕೆ ಎಬ್ಬಿಸ್ಲಿಲ್ಲ?"

"ನೀನು ಮಲಗಿದ್ದೆ," ಎಂದ ಸುರೇಂದ್ರ.

ಅಕ್ಕಿರೊಟ್ಟಿ ಅವನೇ ತಟ್ಟಿದ್ದ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ರೇವತಿ ಕೂತು, ತೂತಿನ ಕಡೆಯಿಂದ ತಿನ್ನತೊಡಗಿದಳು.