ಯಲ್ಲಕ್ಕನ ಕುರ್ಚಿಯ ತಗಣಿಗಳು

ಮರಿಯಮ್ಮನಹಳ್ಳಿಯ ಹೆದ್ದಾರಿ ಪಕ್ಕದ ಖಾನಾವಳಿಯಲ್ಲಿ ಯಲ್ಲಕ್ಕ ರೊಟ್ಟಿ ಬಡಿದರೆ ಆ ಸದ್ದು ಸಂಡೂರಿನ ಗುಡ್ಡಕ್ಕೆ ಮುಟ್ಟಿ ವಾಪಸು ಬರುತ್ತಿತ್ತು. ಅದನ್ನು ಕೇಳಿದ ಅದಿರು ಲಾರಿಗಳು ತಾವಾಗಿಯೇ ಬ್ರೇಕು ಹಾಕಿಕೊಳ್ಳುತ್ತಿದ್ದವು. ಇಳಿದು ಕೈ ತೊಳೆಯುವುದಷ್ಟೇ ಡ್ರೈವರುಗಳ ಕೆಲಸ. ಉಂಡವರು ಬೇವಿನ ಮರದಡಿ ಹಗ್ಗದ ಹೊರಸುಗಳ ಮೇಲೆ ಉರುಳಿ ಗೊರಕೆ ಹೊಡೆದರೆ ಕಾಗೆಗಳು ಗೂಡು ಬಿಟ್ಟು ಹೊಸಪೇಟೆ ಡ್ಯಾಮಿನ ಆಚೆ ಹೋಗಿ ಕೂರುತ್ತಿದ್ದವು.

ಯಲ್ಲಕ್ಕನಿಗೆ ಬೇಕಾದವರಿಗೆ ಮಾತ್ರ ಹೊರಸಲ್ಲ, ಕುರ್ಚಿ. ಹಂಪಿಯ ಕಡೆ ಬಾಗಿಲು ಮುಚ್ಚಿದ ಯಾವುದೋ ಲಾಡ್ಜಿನಿಂದ ಹೋದ ಚಳಿಗಾಲದಲ್ಲಿ ತಂದ ಮೆತ್ತನೆಯ ಕುರ್ಚಿ ಅದು. ಫ್ರಾನ್ಸಿನ ರಾಜ ಅದರಲ್ಲಿ ಕೂತೇ ಹಂಪಿ ನೋಡಿದ್ದನೆಂದು ಹೇಳುತ್ತಿದ್ದಳು. ಅಲ್ಲಿ ಈಗ ರಾಜರಿಲ್ಲ ಎಂದವನಿಗೆ ಆ ದಿನ ಸಾರು ಸಿಗಲಿಲ್ಲ.

ಅಂಥ ಖಾನಾವಳಿ ಈ ಬೇಸಿಗೆಯಲ್ಲಿ ಖಾಲಿ ಹೊಡೆಯತೊಡಗಿತು. ಕಾರಣ ತುರಿಕೆ. ಉಂಡು ಹೋದವರು ಸ್ಟೇರಿಂಗು ಬಿಟ್ಟು ಎರಡೂ ಕೈಯಲ್ಲಿ ಬೆನ್ನು ಕೆರೆದುಕೊಳ್ಳುತ್ತ ಹೊಸಪೇಟೆ ಮುಟ್ಟುತ್ತಿದ್ದರು. ಕೆಲವರು ಸೊಳ್ಳೆ ಎಂದರು, ಕೆಲವರು ಅದಿರಿನ ದೂಳು ಎಂದರು. ಯಲ್ಲಕ್ಕ ಒಬ್ಬನ ಅಂಗಿ ಎತ್ತಿಸಿ ನೋಡಿದಳು. ಸೊಳ್ಳೆ ಎಲ್ಲೆಂದರಲ್ಲಿ ಕಡಿಯುತ್ತದೆ. ಇಲ್ಲಿ ಗುಳ್ಳೆಗಳು ಚೆಕ್‌ಪೋಸ್ಟಿನ ಮುಂದೆ ನಿಂತ ಲಾರಿಗಳ ಹಾಗೆ ಒಂದರ ಹಿಂದೊಂದು ಸಾಲುಗಟ್ಟಿದ್ದವು. ತಗಣಿಯೇ.

ಹೊರಸುಗಳನ್ನು ಬಿಸಿಲಿಗೆ ಎಳೆಸಿದಳು. ಕಾಲು, ಚೌಕಟ್ಟು ಕೂಡುವ ಸಂದುಸಂದಿಗೂ ಕುದಿಯುವ ನೀರು ಹೊಯ್ದಳು. ಬೋರು ಅರ್ಧ ಬತ್ತಿತು. ಹಳೆ ಹಗ್ಗ ಬಿಚ್ಚಿಸಿ ಹೊಸದು ಹೆಣೆಸಿ, ಹೊರಸಿನ ಕಾಲುಗಳನ್ನು ಸೋಪಿನ ನೀರು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದಳು. ಆದರೂ ತುರಿಕೆ ನಿಲ್ಲಲಿಲ್ಲ. ಕೊನೆಗೆ ಡ್ರೈವರುಗಳ ಹಿರಿಯ ಹುಲಿಗೇಶನೂ ರಸ್ತೆಯಾಚೆಯ ದುರುಗಣ್ಣನ ಹೋಟೆಲಿಗೆ ಹೋದ. ಹುಲಿಗೇಶ ಉಂಡಲ್ಲಿ ಇಡೀ ಸಂಡೂರಿನ ಲಾರಿಗಳು ಉಣ್ಣುತ್ತವೆ. ಇನ್ನು ಒಲೆ ಆರಿಸುವುದೊಂದೇ ಬಾಕಿ.

ತಗಣಿ ಈ ಡ್ರೈವರುಗಳ ಹಾಸಿಗೆಯಲ್ಲೇ ಬರುತ್ತವೆ ಎಂದು ಯಲ್ಲಕ್ಕ ಸಾರಿದಳು. ತನ್ನ ಮನೆಯವಾಗಿದ್ದರೆ ಮೊದಲು ತನ್ನನ್ನೇ ಕಡಿಯುತ್ತಿರಲಿಲ್ಲವೇ? ತನ್ನ ಮೈಮೇಲೆ ಒಂದು ಗುಳ್ಳೆ ತೋರಿಸಲಿ. ತನ್ನ ರಕ್ತದ ಖಾರಕ್ಕೆ ತಗಣಿ ಬಾಯಿ ಸುಟ್ಟುಕೊಂಡು ಸಾಯುತ್ತವೆ ಎಂಬುದು ಅವಳ ವಾದ.

ಉಳಿದವನು ಟಿಪ್ಪರ್ ಓಡಿಸುವ ಮೂಕಣ್ಣನೊಬ್ಬ. ಸಾರಿಗೆ ಉಪ್ಪು ಕಡಿಮೆ ಎಂದು ಒಮ್ಮೆ ಅಂದ ತಪ್ಪಿಗೆ ಯಲ್ಲಕ್ಕ ಅವನ ಮುಖ ನೋಡಿ ಬಡಿಸಿದ್ದೇ ಇಲ್ಲ. ಅವನು ಮಾತ್ರ ಎಲ್ಲೂ ಕೆರೆದುಕೊಳ್ಳದೆ ಉಣ್ಣುತ್ತಿದ್ದ.

"ನಿನಗ್ಯಾಕ ಕಡಿಯಂಗಿಲ್ಲೋ ಮೂಕಣ್ಣ?"

"ನೀ ನನ್ನ ಯಾವತ್ತರ ಆ ಕುರ್ಚಿಮ್ಯಾಲ ಕುಂದ್ರಿಸೀದಿ ಏನಕ್ಕ?"

ಯಲ್ಲಕ್ಕನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಕೆರೆದುಕೊಳ್ಳುತ್ತ ಹೋದವರನ್ನೆಲ್ಲ ನೆನೆಸಿಕೊಂಡಳು. ಎಲ್ಲರೂ ಅವಳೇ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದವರು.

ಅಂದು ಮಧ್ಯಾಹ್ನ ಕುರ್ಚಿಗೆ ಬಿಳಿ ಪಂಚೆ ಹಾಸಿ ತಾನೇ ಕೂತು ತೂಕಡಿಸಿದಳು. ಎದ್ದಾಗ ಪಂಚೆಯ ತುಂಬ ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕೆ, ತಗಣಿಯ ಹಿಕ್ಕೆ. ದಿಂಬಿನ ಹೊಲಿಗೆ ಅಗಲಿಸಿದಳು. ಚಪ್ಪಟೆ ಮೈ, ಅದಿರಿನ ಬಣ್ಣ. ಸಂಡೂರಿನ ಗಣಿಯೇ ಒಳಗೆ ಇಳಿದಿತ್ತು. ಅವಳ ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ರಕ್ತದಲ್ಲಿ ಖಾರವೇನೂ ಇರಲಿಲ್ಲ. ತಗಣಿ ಕಡಿದರೂ ಕೆಲವರ ಮೈಮೇಲೆ ಗುಳ್ಳೆ ಏಳುವುದಿಲ್ಲ, ಅಷ್ಟೇ.

ಮರುದಿನ ಮೂಕಣ್ಣನ ಖಾಲಿ ಟಿಪ್ಪರಿನ ಕಬ್ಬಿಣದ ತೊಟ್ಟಿಗೆ ಕುರ್ಚಿ ಏರಿತು. ದಿಂಬು ಬಿಚ್ಚಿ, ಎಲ್ಲವನ್ನೂ ಕರಿ ತಾಡಪತ್ರಿಯಲ್ಲಿ ಬಿಗಿಯಾಗಿ ಸುತ್ತಿ, ಮೇ ತಿಂಗಳ ಬಿಸಿಲಿಗೆ ಬಿಟ್ಟರು. ಕಾಗೆಯ ನೆರಳೂ ಕಮರಿ ವಾಸನೆ ಬರುವಂಥ ಬಿಸಿಲು. ದಿನಾ ಮಗ್ಗುಲು ಬದಲಿಸಿ ಬೇಯಿಸಿದರು. ಹೊಲಿಗೆಯೊಳಗೆ ಒಂದೂ ಮಿಸುಕಲಿಲ್ಲ.

ಆಮೇಲೆ ಯಲ್ಲಕ್ಕ ರಸ್ತೆ ದಾಟಿದಳು. ದುರುಗಣ್ಣನ ಹೋಟೆಲಿನ ನೆರಳನ್ನೂ ತುಳಿಯದವಳು ಒಳಗೆ ಬಂದದ್ದು ಕಂಡು ಉಣ್ಣುವವರ ಬಾಯಿ ತೆರೆದೇ ಉಳಿದವು.

"ತಗಣಿ ನಿಮ್ಮವಲ್ಲಪ್ಪ ಹುಲಿಗೇಶ. ನನ್ನ ಕುರ್ಚೀವು. ಬೇಯಿಸೀನಿ. ಬಂದು ಕುಂದ್ರು."

"ಮೊದಲು ನೀನ ಕುಂತು ನೋಡಕ್ಕ."

"ನಾ ಕುಂತ್ರ ತಿಳಿಯಂಗಿಲ್ಲ. ನನ್ನ ಮೈಮ್ಯಾಲ ಗುಳ್ಳಿ ಏಳೂದಿಲ್ಲ. ನಿನ್ನ ಮೈ ಬೇಕು."

ದುರುಗಣ್ಣ ನಕ್ಕ ನಗೆಗೆ ಗ್ಲಾಸುಗಳು ಸಾಲಾಗಿ ಒಡೆದವು. ಹುಲಿಗೇಶ ಮಾತ್ರ ನಗಲಿಲ್ಲ. ಕೈ ತೊಳೆದು ಅವಳ ಹಿಂದೆ ಬಂದ, ಬಿಳಿ ಪಂಚೆ ಹಾಸಿದ ಕುರ್ಚಿಯಲ್ಲಿ ಕೂತು ನಿದ್ದೆ ಹೋದ. ಎದ್ದಾಗ ಪಂಚೆ ಬಿಳಿಯಾಗಿಯೇ ಇತ್ತು. ಮರುದಿನ ಬಂದು ತಾನೇ ಅಂಗಿ ಎತ್ತಿ ತೋರಿಸಿದ. ಬೆನ್ನು ನುಣ್ಣಗಿತ್ತು.

ಲಾರಿಗಳು ಮತ್ತೆ ಬ್ರೇಕು ಹಾಕತೊಡಗಿದವು. ಸತ್ತ ತಗಣಿಗಳನ್ನು ಟಿಪ್ಪರಿನಲ್ಲಿ ತುಂಬಿ ಸಾಗಿಸಿದ ಕತೆ ಅಷ್ಟರಲ್ಲಿ ಕಂಪ್ಲಿ ಮುಟ್ಟಿತ್ತು, ಹಬ್ಬಿಸಿದವಳು ಯಲ್ಲಕ್ಕನೇ.

ಒಂದು ಮಧ್ಯಾಹ್ನ ಅವಳು ಕುರ್ಚಿ ಒರೆಸಿ ಮೂಕಣ್ಣನನ್ನು ಕರೆದಳು. ಅವನು ಕೈ ತೊಳೆದು, ಕುರ್ಚಿಯನ್ನೊಮ್ಮೆ ನೋಡಿ, ಹೊರಸಿನ ಕಡೆ ನಡೆದ.

"ಬ್ಯಾಡ ಬಿಡಕ್ಕ. ನಿನ್ನ ಸಿಟ್ಟೇ ನನ್ನ ಕಾಯ್ತು. ಇನ್ನೊಂದಿಷ್ಟು ದಿನ ಸಿಟ್ಟಿನಾಗ ಇರು."