ಬೆಚ್ಚಗಿನ ಕಂಪ್ಯೂಟರ್ ಕೋಣೆ

ನನ್ನದೇ ಆಫೀಸಿನ ಒಳಗೆ ಹೋಗಲು ನಾನು ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆಯಬೇಕಿತ್ತು. ಪೌಡರ್ ಹಾಕುವಂತಿಲ್ಲ, ಅತ್ತರು ಸೋಕಿಸುವಂತಿಲ್ಲ. ಏಕೆಂದರೆ ನಮ್ಮ ಕಾರ್ಯದರ್ಶಿ ಬಯ್ಯಪ್ಪನವರು ಕಂಪ್ಯೂಟರ್ ಕೋಣೆಯಲ್ಲಿ ರೇಷ್ಮೆ ಹುಳ ಸಾಕಿಸುತ್ತಿದ್ದರು. ಇದನ್ನು ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ಅವರಿಗೇನು? ಅಲ್ಲಿ ಕೂತು ಕೆಲಸ ಮಾಡುತ್ತಿದ್ದವಳು ನಾನು.

ಜಂಗಮಕೋಟೆ ಹತ್ತಿರದ ಒಂದು ಸಣ್ಣ ರೇಷ್ಮೆ ಬೆಳೆಗಾರರ ಸಂಘ ನಮ್ಮದು. ಮೊಟ್ಟೆಯೊಡೆದು ಬಂದ ಮರಿಹುಳಗಳನ್ನು ಹತ್ತು ದಿನ ಜೋಪಾನ ಮಾಡಿ ರೈತರ ಕೈಗೆ ಕೊಡುತ್ತೇವೆ. ಅಷ್ಟು ದಿನವೂ ಅವಕ್ಕೆ ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ ಶಾಖ ಬೇಕು. ಹುಳದ ಕೋಣೆಯ ಹೀಟರ್ ಕಾರ್ತಿಕದಲ್ಲೇ ಸುಟ್ಟುಹೋಯಿತು. ರಿಪೇರಿ ಮಾಡಿಸಿ ಎಂದು ಎಲ್ಲರೂ ಹೇಳಿದೆವು. ಬಯ್ಯಪ್ಪನವರು ಮಾಡಿಸಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಅವರು ಯಾವುದೋ ಕಾಗದ ಹುಡುಕಿಕೊಂಡು ಕಂಪ್ಯೂಟರ್ ಕೋಣೆಗೆ ಬಂದರು. ಹೊರಗೆ ಹಲ್ಲು ಕಡಿಯುವ ಚಳಿ, ಒಳಗೆ ಹಿತವಾದ ಬಿಸುಪು.

"ಏನಮ್ಮಾ ತರನ್ನುಮ್, ಇಷ್ಟು ಚೆನ್ನಾಗೈತೆ ರೂಮು! ನೀನೊಬ್ಳೇ ಮೈ ಕಾಯಿಸ್ಕೊಂತಿದೀಯಲ್ಲ!" ಎಂದರು.

ಮಧ್ಯಾಹ್ನದ ಹೊತ್ತಿಗೆ ಹುಳದ ತಟ್ಟೆಗಳ ಸ್ಟ್ಯಾಂಡುಗಳು ನನ್ನ ಕುರ್ಚಿಯ ಹಿಂದೆ ಬಂದು ನಿಂತವು. ಗಾಳಿ ಒಣಗಬಾರದೆಂದು ಹುಳದ ಮೇಲ್ವಿಚಾರಣೆಯ ವರಲಕ್ಷ್ಮಮ್ಮ ಗೋಡೆಗೆ ಒದ್ದೆ ಗೋಣಿಚೀಲ ತೂಗುಹಾಕಿದರು. ಕಂಪ್ಯೂಟರಿನ ಪಕ್ಕದಲ್ಲಿ ಒದ್ದೆ ಗೋಣಿ! ನಾನು ತಲೆ ಚಚ್ಚಿಕೊಂಡೆ.

ಆ ಕೋಣೆ ಅಷ್ಟು ಬೆಚ್ಚಗಿದ್ದುದಾದರೂ ಏಕೆ ಎಂದು ಒಬ್ಬರೂ ಕೇಳಲಿಲ್ಲ. ನಾನು ಕೇಳಿದ್ದೆ. ಆರು ಕಂಪ್ಯೂಟರುಗಳು, ಯಾರು ಬೇಕಾದರೂ ಕೂರಬಹುದು, ಪಾಸ್‌ವರ್ಡನ್ನು ಗೋಡೆಯ ಮೇಲೇ ಬರೆದು ಅಂಟಿಸಿತ್ತು. ದಸರಾ ಹೊತ್ತಿಗೆ ರಿಪೇರಿಯ ಅಂಬರೀಶ್ ಚಿಂತಾಮಣಿಯಿಂದ ಬಂದು ಎಲ್ಲದರೊಳಗೂ ದಪ್ಪನೆಯ ಹೊಸ ಕಾರ್ಡು ಕೂರಿಸಿ, ಒಳಗಿನ ಸೆಟ್ಟಿಂಗಿಗೆ ತನಗೊಬ್ಬನಿಗೇ ಗೊತ್ತಿರುವ ಬೇರೆ ಪಾಸ್‌ವರ್ಡ್ ಹಾಕಿ ಹೋಗಿದ್ದ. "ಫ್ರೀ ಮೇಡಂ, ಸ್ಪೀಡ್ ಬರ್ತದೆ. ಆದ್ರೆ ರಾತ್ರಿ ಹೊತ್ತೂ ಆಫ್ ಮಾಡ್ಬೇಡಿ, ಅಪ್‌ಡೇಟ್ ಕೆಟ್ಟೋಗ್ತದೆ," ಎಂದಿದ್ದ. ಆಮೇಲೆ ಶುರುವಾಯಿತು ನೋಡಿ, ನಾನು ಬಾಗಿಲು ತೆರೆಯುವ ಮುಂಚೆಯೇ ಕೇಳಿಸುವ ಫ್ಯಾನುಗಳ ಆರ್ಭಟ. ಒಂದು ಪತ್ರ ಟೈಪ್ ಮಾಡುವ ಯಂತ್ರಕ್ಕೆ ಅಷ್ಟೊಂದು ಏದುಸಿರು ಯಾಕೆ? ಪುಷ್ಯದ ಒಳಗೆ ಎರಡು ಯಂತ್ರ ಸುಟ್ಟುಹೋದವು. ಕರೆಂಟ್ ಬಿಲ್ ದುಪ್ಪಟ್ಟಾಯಿತು. ನನಗೊಂದು ನೋಟಿಸ್ ಬಂತು.

"ಆಪರೇಟರ್ ಶ್ರೀಮತಿ ತರನ್ನುಮ್ ಅವರು ಕಚೇರಿ ವೇಳೆಯಲ್ಲಿ ಸಿನಿಮಾ ಇತ್ಯಾದಿ ನೋಡಿ ಯಂತ್ರಗಳನ್ನು ಹಾಳುಮಾಡಿರುವುದು ಕಂಡುಬಂದಿದ್ದು, ಸೋಮವಾರದ ಸಭೆಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಗುತ್ತಿಗೆ ಮುಂದುವರಿಸಲಾಗುವುದಿಲ್ಲ."

ಒಂಬತ್ತು ವರ್ಷ. ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ದುಡಿದ ಒಂಬತ್ತು ವರ್ಷಕ್ಕೆ ಸಿಕ್ಕಿದ ಬಿರುದು, ಸಿನಿಮಾ ಇತ್ಯಾದಿ. ಆ 'ಇತ್ಯಾದಿ' ಓದಿ ನನಗೆ ಮೈ ಉರಿದುಹೋಯಿತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಈ ಮಾತು ಹೊತ್ತುಕೊಂಡು ಯಾವ ಆಫೀಸಿನ ಬಾಗಿಲು ತಟ್ಟಲಿ?

ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ನನ್ನ ತಂಗಿ ನಾಹಿದ್ ಎಲ್ಲ ಕೇಳಿಸಿಕೊಂಡು, "ಆಪಾ, ಅದು ಕ್ರಿಪ್ಟೋ ಮೈನಿಂಗ್ ಇರ್ಬೇಕು," ಎಂದಳು. ಯಾರೋ ಕದ್ದುಮುಚ್ಚಿ ಒಂದು ಪ್ರೋಗ್ರಾಂ ಹಾಕಿರುತ್ತಾರೆ. ಅದು ನಮ್ಮ ಯಂತ್ರ, ನಮ್ಮ ಕರೆಂಟಿನಲ್ಲಿ ಹಗಲೂ ರಾತ್ರಿ ಏನೇನೋ ಲೆಕ್ಕ ಬಿಡಿಸುತ್ತದೆ. ಅದರಿಂದ ಹುಟ್ಟುವ ಡಿಜಿಟಲ್ ನಾಣ್ಯ ಹಾಕಿದವನ ಪಾಲು. ಯಾರೂ ಕೂತಿಲ್ಲದಾಗ ಮೈಮುರಿದು ದುಡಿಯುತ್ತದೆ, ಒಂದರ ಮುಂದೆ ಯಾರಾದರೂ ಕೂತರೂ ಸಾಕು, ಎಲ್ಲದರಲ್ಲೂ ತಣ್ಣಗಾಗುತ್ತದೆ. ಒಳಗೆ ಏನು ಓಡುತ್ತಿದೆ ಎಂದು ನೋಡಲು ಹೋದರಂತೂ ಉಸಿರೇ ಬಿಡುವುದಿಲ್ಲ.

ಮರುದಿನವೇ ಬಯ್ಯಪ್ಪನವರನ್ನು ಕರೆದುಕೊಂಡು ಬಂದು ಕೂರಿಸಿ ಪರದೆ ತೆರೆದು ತೋರಿಸಿದೆ. ಫ್ಯಾನುಗಳು ಗಪ್‌ಚಿಪ್.

"ಎಲ್ಲಮ್ಮಾ ಕಳ್ಳ?"

"ನೀವು ಬಂದ್ರಲ್ಲ ಸಾರ್, ಬಚ್ಚಿಟ್ಕೊಂಡಿದೆ."

"ನನ್ನ ಕಂಡ್ರೆ ಕಂಪ್ಯೂಟ್ರು ಹೆದರ್ಕೊಂತದಾ?" ಎಂದು ನಕ್ಕು, ಒಳಗೆ ಬರುವಾಗ ಕೈ ತೊಳೆದಿರಲಿಲ್ಲವೆಂದು ವರಲಕ್ಷ್ಮಮ್ಮನಿಂದ ಬೈಸಿಕೊಂಡರು. ಅಷ್ಟಾದರೂ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಶನಿವಾರ ಮಧ್ಯಾಹ್ನ ಸಮಜಾಯಿಷಿ ಬರೆಯಲು ಕೂತೆ. ಮೂರು ಹಾಳೆ ಹರಿದೆ. ಅಷ್ಟರಲ್ಲಿ ವರಲಕ್ಷ್ಮಮ್ಮ ಥರ್ಮಾಮೀಟರ್ ನೋಡುತ್ತಾ ಗೊಣಗಿದರು.

"ನೀನು ಬಂದು ಕೂತ್ರೆ ಸಾಕು ಕಣಮ್ಮಾ, ರೂಮು ತಣ್ಣಗಾಗ್ತದೆ. ಊಟಕ್ಕೆ ಹೋಗು, ಮತ್ತೆ ಬೆಚ್ಚಗೆ. ನಿನ್ನ ಕಾಲ್ಗುಣ ಹುಳಕ್ಕೆ ಆಗ್ಬರಲ್ಲ, ಬೇಜಾರ್ ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲು ಬಾಯಿ ತೆರೆದವಳು ಥಟ್ಟನೆ ಕುರ್ಚಿಯಿಂದ ಎದ್ದೆ. ಹುಳವಿರುವ ಕೋಣೆಯಲ್ಲಿ ಎರಡು ಗಂಟೆಗೊಮ್ಮೆ ಶಾಖ ನೋಡಿ ಬರೆದಿಡುವುದು ಇಲ್ಲಿನ ಪದ್ಧತಿ. ಭಾನುವಾರವೆಂದು ಹುಳಕ್ಕೆ ಗೊತ್ತಾಗುವುದಿಲ್ಲವಾದ್ದರಿಂದ ವರಲಕ್ಷ್ಮಮ್ಮ ಆ ದಿನವೂ ಬರೆಯುತ್ತಿದ್ದರು. ಮೊಳೆಗೆ ನೇತುಹಾಕಿದ್ದ ಅವರ ನೋಟ್‌ಬುಕ್ ಕಿತ್ತುಕೊಂಡು ನೋಡಿದೆ. ನಾನಿದ್ದ ಹೊತ್ತಿನಲ್ಲೆಲ್ಲ ಇಪ್ಪತ್ತಾರು. ಊಟದ ಹೊತ್ತಿಗೆ ಇಪ್ಪತ್ತೆಂಟು. ಆಫೀಸಿಗೆ ರಜೆಯಿದ್ದ ಭಾನುವಾರಗಳಲ್ಲಿ ಇಪ್ಪತ್ತೊಂಬತ್ತು. ನಾನು ಮದುವೆಗೆಂದು ಗೌರಿಬಿದನೂರಿಗೆ ಹೋಗಿದ್ದ ಎರಡು ದಿನ, ಬೆಳಗಿನಿಂದ ಸಂಜೆಯವರೆಗೂ ಮೂವತ್ತು. ಷರಾ ಕಾಲಂನಲ್ಲಿ "ಶಾಖ ಜಾಸ್ತಿ, ಕಿಟಕಿ ತೆಗೆದಿದೆ" ಎಂದು ವರಲಕ್ಷ್ಮಮ್ಮನ ದುಂಡು ಅಕ್ಷರ.

ನಾನು ಅವರನ್ನು ತಬ್ಬಿಕೊಂಡುಬಿಟ್ಟೆ. "ಅಯ್ಯೋ, ಮೈಗೆಲ್ಲ ಹುಳಕ್ಕೆ ಹಾಕಿದ ಸುಣ್ಣದ ಪುಡಿ ಕಣೇ," ಎಂದು ಅವರು ತಳ್ಳಿದರು.

ಸೋಮವಾರದ ಸಭೆಗೆ ಅಧ್ಯಕ್ಷ ಚೆನ್ನರಾಯಪ್ಪನವರು ಬಂದರು, ನಾಲ್ಕು ಜನ ಸದಸ್ಯರು ಬಂದರು. ಯಂತ್ರಗಳು ನನ್ನಿಂದಲೇ ಹಾಳಾದವೆಂದು ಸರ್ಟಿಫಿಕೇಟ್ ಕೊಡಲು ಅಂಬರೀಶನನ್ನೂ ಕರೆಸಿದ್ದರು. ನಾನು ನೋಟ್‌ಬುಕ್ ತೆರೆದಿಟ್ಟೆ.

"ಸಿನಿಮಾ ನೋಡಿ ಕಂಪ್ಯೂಟರ್ ಕಾಯಿಸಿದ್ದು ನಾನಾದ್ರೆ, ನಾನಿಲ್ದಾಗ ಯಾರು ಕಾಯಿಸಿದ್ದು ಸಾರ್?"

ನಾಹಿದ್ ಹೇಳಿದ್ದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಎಲ್ಲರನ್ನೂ ಕಂಪ್ಯೂಟರ್ ಕೋಣೆಯ ಬಾಗಿಲ ಹೊರಗೆ ನಿಲ್ಲಿಸಿದೆ. ಬರಿಗಾಲಿನ ಮುಖಂಡರು ತಣ್ಣನೆಯ ನೆಲದ ಮೇಲೆ ಕಾಲು ಬದಲಿಸುತ್ತಾ ಕಿವಿಗೊಟ್ಟರು. ಐದು ನಿಮಿಷ ಕಳೆಯಿತು. ಒಳಗೆ ಒಂದು ಫ್ಯಾನು ಎದ್ದಿತು. ಆಮೇಲೆ ನಾಲ್ಕೂ ಒಟ್ಟಿಗೆ ಅರಚತೊಡಗಿದವು.

ಚೆನ್ನರಾಯಪ್ಪನವರು ಅಂಬರೀಶನ ಕಡೆ ತಿರುಗಿದರು. "ಒಳಗಿನ ಪಾಸ್‌ವರ್ಡ್ ನಿನ್ನತ್ರ ಒಬ್ಬನತ್ರಾನೇ ಇರೋದಲ್ವೇನಪ್ಪಾ? ತೆಗೆದು ತೋರ್ಸು."

ಅಂಬರೀಶ್ ಒಮ್ಮೆ ಫೋನ್ ನೋಡಿದ, ಒಮ್ಮೆ ಬಾಗಿಲು ನೋಡಿದ. ಕೊನೆಗೆ ತೆರೆದ. ಕದ್ದು ಕೂತಿದ್ದ ಪ್ರೋಗ್ರಾಂ ಅವನ ಹೆಸರಿನಲ್ಲೇ ಇತ್ತು. "ಟೆಸ್ಟಿಂಗಿಗೆ ಹಾಕಿದ್ದೆ ಸಾರ್, ತೆಗಿಯೋದು ಮರ್ತುಹೋಯ್ತು. ಏನೇ ಆಗ್ಲಿ, ಹುಳಕ್ಕೆ ಒಳ್ಳೇದೇ ಆಯ್ತಲ್ಲ?" ಎಂದ. ಅವನ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು. ಸಭೆ ಅವನನ್ನು ಮನೆಗೆ ಕಳಿಸಿತು, ಪೊಲೀಸರಿಗೆ ಹೇಳುವ ವಿಷಯ ಮುಂದಿನ ಸಭೆಗೆ ಹೋಯಿತು. ನನ್ನ ನೋಟಿಸ್ ವಾಪಸಾಯಿತು, ಗುತ್ತಿಗೆ ಮುಂದುವರಿಯಿತು. ನಾನು ಯಂತ್ರಗಳನ್ನು ಆರಿಸಲು ಎದ್ದೆ.

"ತಾಳಮ್ಮಾ, ತಾಳು!" ಬಯ್ಯಪ್ಪನವರು ಅಡ್ಡ ಬಂದರು. "ಹುಳ ಎರಡನೇ ಜ್ವರಕ್ಕೆ ಕೂತಿದೆ."

ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ಜ್ವರವೆನ್ನುತ್ತಾರೆ. ಆಗ ಶಾಖ ಇಳಿದರೆ ಕೆಲವು ಏಳುತ್ತವೆ, ಕೆಲವು ಏಳುವುದಿಲ್ಲ, ಹನ್ನೆರಡು ಜನ ರೈತರ ಬೆಳೆ ಏರುಪೇರಾಗುತ್ತದೆ. ಅದು ನನಗೂ ಗೊತ್ತು.

"ಗುರುವಾರದ ತನಕ ಅದು ಓಡ್ಲಿ. ಇನ್ನೊಂದು ವಿಷ್ಯ. ನೀನು ಕೂತ್ರೆ ರೂಮು ತಣ್ಣಗಾಗ್ತದೆ ಅಂತ ನೀನೇ ಪ್ರೂವ್ ಮಾಡಿದೀಯ. ಅಲ್ಲೀವರೆಗೂ ಕಂಪ್ಯೂಟರ್ ಮುಂದೆ ಕೂರ್ಬೇಡ."

ಸದಸ್ಯರೆಲ್ಲ ಹೌದೌದು ಎಂದು ತಲೆಯಾಡಿಸಿದರು. ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ಕಳ್ಳ ಯಾರೆಂದು ಗೊತ್ತಾದ ಮೇಲೂ ಎದ್ದು ಹೊರಗೆ ಹೋಗಬೇಕಾದವಳು ನಾನೇ.

ಆಗ ಬಾಗಿಲಲ್ಲಿ ವರಲಕ್ಷ್ಮಮ್ಮ ಕಾಣಿಸಿಕೊಂಡರು. ಎರಡೂ ಕೈಗೆ ಗೋಣಿ ಸುತ್ತಿಕೊಂಡು ಇದ್ದಿಲ ಒಲೆ ಹಿಡಿದಿದ್ದರು. ಹೊಗೆ ಹೋಗುವವರೆಗೆ ಅಂಗಳದಲ್ಲಿ ಉರಿಸಿ ತಂದಿದ್ದ ನಿಗಿನಿಗಿ ಕೆಂಡ, ಮೇಲೆ ತೆಳ್ಳಗೆ ಬೂದಿ.

"ದಾರಿ ಬಿಡಪ್ಪಾ ಬಯ್ಯಪ್ಪ. ಕರೆಂಟೇ ಇಲ್ದಿದ್ದಾಗ ನಿಮ್ಮಪ್ಪನ ಹುಳಾನ ಜ್ವರದಿಂದ ಎಬ್ಬಿಸಿದೋಳು ನಾನು. ಕಳ್ಳನ ಬಿಸಿ ನನ್ನ ಹುಳಕ್ಕೆ ಬೇಕಾಗಿಲ್ಲ." ಒಲೆ ಮೂಲೆಯಲ್ಲಿಟ್ಟು, ಕಿಟಕಿ ಒಂದು ಬೆರಳಷ್ಟು ತೆರೆದು, ನನ್ನ ಕಡೆ ನೋಡಿದರು. "ಇನ್ನೇನ್ ನೋಡ್ತಿದೀಯ, ಆರಿಸಮ್ಮಾ."

ನಾಲ್ಕೂ ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತೆ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಆ ಕೋಣೆಯಲ್ಲಿ ಒಂದು ಫ್ಯಾನಿನ ಸದ್ದೂ ಇರಲಿಲ್ಲ. ಬಯ್ಯಪ್ಪನವರು ಥರ್ಮಾಮೀಟರಿಗೇ ಕಣ್ಣು ನೆಟ್ಟು ನಿಂತರು. ಇಪ್ಪತ್ತೈದಕ್ಕೆ ಇಳಿಯಿತು. ವರಲಕ್ಷ್ಮಮ್ಮ ಮಾತ್ರ ಕೆಂಡ ಕೆದಕಿ, ಇನ್ನಷ್ಟು ಇದ್ದಿಲು ತರಲು ಅಂಗಳಕ್ಕೆ ಹೋದರು. ಅರ್ಧ ಗಂಟೆಗೆ ಇಪ್ಪತ್ತಾರು, ನಾಲ್ಕು ಗಂಟೆಯ ಹೊತ್ತಿಗೆ ಇಪ್ಪತ್ತೇಳು.

ಆಮೇಲಿನ ಮೂರು ದಿನ ನಾವಿಬ್ಬರೂ ಸರದಿಯಲ್ಲಿ ಒಲೆ ನೋಡಿಕೊಂಡೆವು. ಗುರುವಾರ ಬೆಳಿಗ್ಗೆ ನಾನು ಕಾಲು ತೊಳೆದು ಒಳಗೆ ಬಂದಾಗ ತಟ್ಟೆಗಳಲ್ಲಿ ಹುಳಗಳೆಲ್ಲ ಒಂದೇ ಸಮ ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ವರಲಕ್ಷ್ಮಮ್ಮ ನೋಟ್‌ಬುಕ್ ನನ್ನ ಕೈಗೆ ಕೊಟ್ಟರು.

"ಇವತ್ತಿಂದು ನೀನು ಬರಿ."

ಇಪ್ಪತ್ತೇಳು ಎಂದು ಬರೆದೆ. ಷರಾ ಕಾಲಂನಲ್ಲಿ "ಕಂಪ್ಯೂಟರ್ ಆರಿಸಿದೆ. ಹುಳ ಸಮವಾಗಿ ಎದ್ದಿದೆ" ಎಂದು ಬರೆದು, ಯಾರೂ ಕೇಳದಿದ್ದರೂ ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದೆ. ಶನಿವಾರ ಮೂರು ಹಾಳೆ ಹರಿದರೂ ಬರೆಯಲಾಗದಿದ್ದ ಸಮಜಾಯಿಷಿ ಒಂದೂವರೆ ಸಾಲಿನಲ್ಲಿ ಮುಗಿದಿತ್ತು.